ಜೀನಿನ ಬಾಯಿ ಕಟ್ಟುವ ಆರ್‌ಎನ್‌ಎ

ಹಾಲುರೋಗ ಎಂದರೆ ಹಾರೋಹಳ್ಳಿ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪೊರೆ ಕಳಚುವ ನಾಲ್ಕು ಜ್ವರ ದಾಟಿ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಮೇಯುತ್ತಿರುತ್ತದೆ. ಇನ್ನು ಕೆಲವೇ ದಿನ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರಬೇಕು. ಆ ಹೊತ್ತಿಗೆ ಅದು ಮೇವು ಬಿಡುತ್ತದೆ. ಚರ್ಮ ಬಿಗಿದು ಹೊಳೆಯುತ್ತದೆ, ಗೆಣ್ಣುಗಳ ನಡುವೆ ಮೈ ಉಬ್ಬುತ್ತದೆ. ಜೊತೆಯ ಹುಳುಗಳು ಸೊಪ್ಪಿನ ಮೇಲಿದ್ದರೆ ಇದು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ತೆವಳುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಆ ದ್ರವ ತಾಗಿದ ಸೊಪ್ಪನ್ನು ತಿಂದ ಹುಳುವಿಗೂ ಅದೇ ಗತಿ. ಸುಮಾರು 25 ದಿನಗಳ ಸೊಪ್ಪು, ಕೂಲಿ, ನಿದ್ದೆಗೆಟ್ಟ ರಾತ್ರಿಗಳು ಬೆಳೆಯ ಕೊನೆಯ ವಾರದಲ್ಲಿ ಕೈಬಿಟ್ಟುಹೋಗುತ್ತವೆ.

ಈ ರೋಗ ತರುವುದು ಬಿಎಂಎನ್‌ಪಿವಿ ಎಂಬ ವೈರಸ್. ಸೋರಿದ ಹಾಲಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಲಕ್ಷೋಪಲಕ್ಷ ಹರಳುಗಳು ಕಾಣುತ್ತವೆ. ಒಂದೊಂದು ಹರಳೂ ಕೆಲವೇ ಮೈಕ್ರಾನ್ ದಪ್ಪದ ಪ್ರೋಟೀನ್ ಪೆಟ್ಟಿಗೆ. ಅದರೊಳಗೆ ಹಲವಾರು ವೈರಸ್ ಕಣಗಳು ಹುದುಗಿ ಕುಳಿತಿರುತ್ತವೆ. ಪೆಟ್ಟಿಗೆ ಗಟ್ಟಿ, ಹುಳುಮನೆಯ ಧೂಳಿನಲ್ಲಿ ಬಹುಕಾಲ ಕೆಡದೆ ಬಿದ್ದಿರಬಲ್ಲದು. ಒಂದು ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಮನೆಯನ್ನು ಮೂಲೆಮೂಲೆಯೂ ತೊಳೆಯಬೇಕೆಂದು ರೇಷ್ಮೆ ಇಲಾಖೆಯವರು ಒತ್ತಿ ಹೇಳುವುದು ಇದಕ್ಕೇ. ಅಷ್ಟು ಗಟ್ಟಿಯಾದ ಪೆಟ್ಟಿಗೆ ಸಹಜವಾಗಿ ಕರಗುವುದು ಒಂದು ಕಡೆ ಮಾತ್ರ: ಹುಳುವಿನ ಕರುಳಿನಲ್ಲಿ. ರೇಷ್ಮೆಹುಳುವಿನ ಕರುಳಿನ ರಸ ತೀಕ್ಷ್ಣವಾದ ಕ್ಷಾರ, ಅದರ ಪಿಎಚ್ ಸುಮಾರು 10. ಆ ಕ್ಷಾರ ತಾಗಿದ ಕೂಡಲೇ ಪೆಟ್ಟಿಗೆ ಬಿಚ್ಚಿಕೊಂಡು ವೈರಸ್ಸುಗಳು ಹೊರಬರುತ್ತವೆ. ಹೊರಗೆ ಭದ್ರವಾಗಿರಬೇಕು, ಸರಿಯಾದ ಜಾಗ ಸಿಕ್ಕಾಗ ಮಾತ್ರ ತೆರೆಯಬೇಕು. ಈ ಗುಣವನ್ನು ಓದುಗರು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಕ್ಯಾನ್ಸರಿಗೆ ಔಷಧ ಒಯ್ಯುವ ಕಣಗಳನ್ನು ಕಟ್ಟಲು ಹೊರಟವರು ಕಳೆದ 25 ವರ್ಷಗಳಿಂದ ಹುಡುಕುತ್ತಿರುವುದು ಇಂಥ ಗುಣವನ್ನೇ.

ಕ್ಯಾನ್ಸರಿನ ಅಧ್ಯಾಯವನ್ನು ಹುಳುವಿನಿಂದ ಶುರುಮಾಡಲು ಇನ್ನೂ ಒಂದು ಕಾರಣವಿದೆ. ಆರ್‌ಎನ್‌ಎ ಬಳಸಿ ಜೀನಿನ ಬಾಯಿ ಕಟ್ಟುವ ವಿದ್ಯೆಯನ್ನು ನಮ್ಮ ದೇಶದಲ್ಲಿ ಬಹಳ ಸೊಗಸಾಗಿ ಮಾಡಿ ತೋರಿಸಿದ್ದು ರೇಷ್ಮೆಹುಳುವಿನ ಮೇಲೆ, ಈ ಹಾಲುರೋಗದ ವಿರುದ್ಧವೇ. ಮಾಡಿದವರು ಕರ್ನಾಟಕದ ಜೆ. ನಾಗರಾಜು. ಬೆಂಗಳೂರಿನಲ್ಲಿ ರೇಷ್ಮೆ ಸಂಶೋಧನೆಯಲ್ಲಿ ತೊಡಗಿದ್ದ ಅವರು ಮುಂದೆ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ರೇಷ್ಮೆಹುಳುವಿನ ತಳಿವಿಜ್ಞಾನಕ್ಕೆ ದೊಡ್ಡದೊಂದು ಪ್ರಯೋಗಾಲಯ ಕಟ್ಟಿದರು. 2007ರಲ್ಲಿ ಅವರ ಗುಂಪು ವೈರಸ್ಸಿನ ಐಇ-1 ಎಂಬ ಒಂದು ಜೀನನ್ನು ಸುಮ್ಮನಾಗಿಸಿ ಹುಳುವಿಗೆ ರೋಗ ತಡೆಯುವ ಶಕ್ತಿ ತಂದುಕೊಟ್ಟಿತು. ಆಮೇಲೆ ಒಂದರ ಬದಲು ವೈರಸ್ಸಿಗೆ ಅತ್ಯಗತ್ಯವಾದ ಹಲವು ಜೀನುಗಳನ್ನು ಒಟ್ಟಿಗೇ ಗುರಿಯಿಟ್ಟರು. ರಕ್ಷಣೆ ಮೊದಲಿಗಿಂತ ಬಲವಾಯಿತು. ಆ ಪ್ರಬಂಧ 2013ರ ಆರಂಭದಲ್ಲಿ ಅಚ್ಚಾಯಿತು. 2012ರ ಕೊನೆಯಲ್ಲಿ ನಾಗರಾಜು ತೀರಿಕೊಂಡಿದ್ದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರು ಕಾಣುವುದಿಲ್ಲ. ರೇಷ್ಮೆ ಬೆಳೆಯುವ ತಾಲ್ಲೂಕುಗಳ ಮಕ್ಕಳಾದರೂ ಆ ಹೆಸರನ್ನು ಕೇಳಿ ಬೆಳೆಯಬೇಕಿತ್ತು.

ಬಾಯಿ ಕಟ್ಟುವುದು ಎಂದರೇನು? ಜೀವಕೋಶದ ಮಧ್ಯದಲ್ಲಿರುವ ಡಿಎನ್‌ಎ ತಾಲ್ಲೂಕು ಕಚೇರಿಯ ಮೂಲ ದಾಖಲೆಯ ಹಾಗೆ, ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ. ಹೊರಗೆ ಕೆಲಸ ನಡೆಯುವುದು ಪಹಣಿಯ ನಕಲಿನ ಮೇಲೆ. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ಓದಿಕೊಂಡು ಕೋಶ ಪ್ರೋಟೀನ್ ತಯಾರಿಸುತ್ತದೆ. ಮೂಲ ದಾಖಲೆಯನ್ನು ಮುಟ್ಟದೆ, ಒಂದು ನಿರ್ದಿಷ್ಟ ಸರ್ವೆ ನಂಬರಿನ ನಕಲು ಹೊರಬಂದಾಗಲೆಲ್ಲ ಹರಿದುಹಾಕುತ್ತ ಹೋದರೆ ಆ ಜಮೀನಿನ ಮೇಲೆ ಯಾವ ವ್ಯವಹಾರವೂ ನಡೆಯದು. ಜೀನು ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ಹೊರಗೆ ಕೇಳಿಸುವುದಿಲ್ಲ.

ಹರಿಯುವ ಕೆಲಸ ಮಾಡುವುದು ಕೋಶದಲ್ಲೇ ಇರುವ ಆರ್ಗೊನಾಟ್ ಎಂಬ ಪ್ರೋಟೀನು. ಯಾವುದನ್ನು ಹರಿಯಬೇಕು ಎಂದು ತೋರಿಸಿಕೊಡುವುದು ಸುಮಾರು 21 ಅಕ್ಷರಗಳ ಒಂದು ಆರ್‌ಎನ್‌ಎ ತುಣುಕು, ಎಸ್‌ಐಆರ್‌ಎನ್‌ಎ. ಈ ತುಣುಕು ಎರಡು ಎಳೆಗಳ ಜೋಡಿಯಾಗಿ ಕೋಶಕ್ಕೆ ಬರುತ್ತದೆ. ಆರ್ಗೊನಾಟ್ ಅದರಲ್ಲಿ ಒಂದು ಎಳೆಯನ್ನು ಬಿಸಾಡಿ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಆ ಎಳೆಗೆ ಅಕ್ಷರಕ್ಕೆ ಅಕ್ಷರ ಜೋಡಿಯಾಗುವ ಮೆಸೆಂಜರ್ ಎಲ್ಲೇ ಸಿಕ್ಕರೂ ಕತ್ತರಿಸುತ್ತದೆ. ಒಂದನ್ನು ಕತ್ತರಿಸಿ ಸುಮ್ಮನಾಗುವುದಿಲ್ಲ, ಮುಂದಿನದನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದಲೇ ಬಹಳ ಸ್ವಲ್ಪ ಎಸ್‌ಐಆರ್‌ಎನ್‌ಎ ಸಾಕು. ಗಿಡಗಳು ಮತ್ತು ಕೀಟಗಳು ವೈರಸ್ಸುಗಳ ವಿರುದ್ಧ ಈ ಏರ್ಪಾಡನ್ನು ಅನಾದಿ ಕಾಲದಿಂದ ಬಳಸುತ್ತ ಬಂದಿವೆ. ನಾವು ಕಂಡುಕೊಂಡದ್ದು ತೀರ ಈಚೆಗೆ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಮಿಲಿಮೀಟರ್ ಉದ್ದದ ಒಂದು ದುಂಡುಹುಳುವಿನಲ್ಲಿ ಇದನ್ನು ತೋರಿಸಿದರು, 2006ರಲ್ಲಿ ನೊಬೆಲ್ ಪಡೆದರು. ಆ ದುಂಡುಹುಳುವಿಗೆ ಆರ್‌ಎನ್‌ಎ ಇರುವ ಬ್ಯಾಕ್ಟೀರಿಯವನ್ನು ತಿನ್ನಿಸಿದರೂ ಸಾಕಿತ್ತು. ಕರುಳಿನಿಂದ ಹೊರಟ ಸಂದೇಶ ಮೈಯೆಲ್ಲ ಹರಡುತ್ತಿತ್ತು.

ಅಷ್ಟು ಸುಲಭವಾಗಿದ್ದರೆ ಹಾಲುರೋಗಕ್ಕೆ ಸೊಪ್ಪಿನ ಮೇಲೆ ಆರ್‌ಎನ್‌ಎ ಚಿಮುಕಿಸಿದರೆ ಮುಗಿಯುತ್ತಿತ್ತು. ಆದರೆ ರೇಷ್ಮೆಹುಳು ದುಂಡುಹುಳುವಿನಂತಲ್ಲ. ಅದರ ಕರುಳಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎಯನ್ನು ಕತ್ತರಿಸಿಹಾಕುವ ಕಿಣ್ವವಿದೆ. ಅದನ್ನು ದಾಟಿ ಒಳಗೆ ಹೋದದ್ದೂ ಒಂದು ಕೋಶದಿಂದ ಇನ್ನೊಂದಕ್ಕೆ ಸರಿಯಾಗಿ ಹರಡುವುದಿಲ್ಲ. ಪತಂಗಗಳ ಕುಲಕ್ಕೇ ಇರುವ ಈ ಮೊಂಡುತನ ಜಗತ್ತಿನ ಅನೇಕ ಪ್ರಯೋಗಾಲಯಗಳನ್ನು ಸತಾಯಿಸಿದೆ. ನಾಗರಾಜು ಅವರ ಗುಂಪು ಹುಡುಕಿದ ಉಪಾಯ ಹೀಗಿತ್ತು: ಆರ್‌ಎನ್‌ಎಯನ್ನು ಹೊರಗಿನಿಂದ ಕೊಡುವುದೇ ಬೇಡ, ಹುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳಲಿ. ಮೊಟ್ಟೆಯ ಹಂತದಲ್ಲೇ ಹುಳುವಿನ ಡಿಎನ್‌ಎಯೊಳಗೆ ಆ ಸೂಚನೆಯನ್ನು ಸೇರಿಸಿಬಿಟ್ಟರು. ಅಲ್ಲಿಂದ ಮುಂದೆ ಹುಳುವಿನ ಪ್ರತಿ ಕೋಶವೂ, ಅದರ ಮಕ್ಕಳು ಮೊಮ್ಮಕ್ಕಳ ಪ್ರತಿ ಕೋಶವೂ ವೈರಸ್ಸಿಗೆ ಕಾದು ಕುಳಿತಿರುತ್ತದೆ. ಒಯ್ಯುವ ಕಷ್ಟವೇ ಇಲ್ಲದಂತೆ ಮಾಡಿ ಗೆದ್ದ ದಾರಿ ಇದು.

ಕ್ಯಾನ್ಸರ್ ಬಂದವರಿಗೆ ಈ ದಾರಿ ಮುಚ್ಚಿದೆ. ಅವರು ಮೊಟ್ಟೆಯ ಹಂತದಲ್ಲಿಲ್ಲ. ಐವತ್ತು ದಾಟಿದ ದೇಹದಲ್ಲಿ, ಎಲ್ಲೋ ಒಂದು ಮೂಲೆಯಲ್ಲಿ, ತನ್ನದೇ ಕೋಶಗಳು ಹಾದಿ ತಪ್ಪಿ ಬೆಳೆದಿವೆ. ಆ ಕೋಶಗಳಿಗೆ ಮಾತ್ರ, ಈಗಲೇ, ಹೊರಗಿನಿಂದ ಆರ್‌ಎನ್‌ಎ ತಲುಪಿಸಬೇಕು.

ತಲುಪಿಸಲು ಸಾಧ್ಯವಾದರೆ ಸಿಗುವ ಲಾಭ ದೊಡ್ಡದು. ಇಂದಿನ ಗುರಿಯಿಟ್ಟ ಔಷಧಗಳಲ್ಲಿ ಬಹುಪಾಲು ಕೆಲಸ ಮಾಡುವುದು ಪ್ರೋಟೀನಿನ ಮೇಲ್ಮೈಯಲ್ಲಿರುವ ಒಂದು ಸಣ್ಣ ಗುಳಿಯಲ್ಲಿ ಕುಳಿತು. ಗುಳಿಯಿಲ್ಲದ ಪ್ರೋಟೀನಿಗೆ ಅಂಥ ಔಷಧ ಮಾಡುವುದು ಬಹಳ ಕಷ್ಟ. ಕೆಆರ್‌ಎಎಸ್ ಎಂಬ ಜೀನು ಕೆಟ್ಟಿರುವುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ. ಅದರ ಪ್ರೋಟೀನು ನುಣ್ಣಗೆ ಇರುವುದರಿಂದ ದಶಕಗಳ ಕಾಲ ಅದಕ್ಕೆ ಔಷಧ ಮಾಡಲಾಗದೆಂದೇ ಕೈಬಿಟ್ಟಿದ್ದರು. ಅದರ ಒಂದು ಬಗೆಗೆ ಮೊದಲ ಮಾತ್ರೆ ಬಂದದ್ದು 2021ರಲ್ಲಿ. ಎಸ್‌ಐಆರ್‌ಎನ್‌ಎಗೆ ಗುಳಿಯ ಹಂಗಿಲ್ಲ, ಅದಕ್ಕೆ ಬೇಕಾದದ್ದು ಜೀನಿನ ಅಕ್ಷರಗಳ ಸಾಲು ಮಾತ್ರ. ಸಾಲು ಗೊತ್ತಿದ್ದರೆ ಯಾವ ಜೀನಿಗೂ ತುಣುಕನ್ನು ಬರೆಯಬಹುದು. ಕ್ಯಾನ್ಸರ್ ತನ್ನ ಅಕ್ಷರಗಳನ್ನು ಬದಲಿಸಿಕೊಂಡರೆ ನಾವೂ ತುಣುಕನ್ನು ಬದಲಿಸಬಹುದು. 2001ರಲ್ಲಿ ಜರ್ಮನಿಯ ಥಾಮಸ್ ಟುಶಲ್ ಗುಂಪು 21 ಅಕ್ಷರಗಳ ತುಣುಕು ಮನುಷ್ಯರ ಕೋಶಗಳಲ್ಲೂ ಕೆಲಸ ಮಾಡುತ್ತದೆಂದು ತೋರಿಸಿತು. ಉದ್ದನೆಯ ಜೋಡಿ ಎಳೆಯಾದರೆ ನಮ್ಮ ಕೋಶ ಅದನ್ನು ವೈರಸ್ಸೆಂದು ಬಗೆದು ಗಾಬರಿಯಾಗುತ್ತದೆ, ಚಿಕ್ಕ ತುಣುಕು ಆ ಕಾವಲಿಗೆ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಆ ಸುದ್ದಿ ಬಂದಾಗ ಎಷ್ಟೋ ಮಂದಿ ಕ್ಯಾನ್ಸರಿನ ಔಷಧ ಇನ್ನು ಕೆಲವೇ ವರ್ಷಗಳ ಮಾತೆಂದು ನಂಬಿದರು.

ಬರಿಯ ಎಸ್‌ಐಆರ್‌ಎನ್‌ಎಯನ್ನು ರಕ್ತಕ್ಕೆ ಚುಚ್ಚಿದರೆ ಏನಾಗುತ್ತದೆ ನೋಡಿ. ಅದರ ಉದ್ದ ಸುಮಾರು 7 ನ್ಯಾನೊಮೀಟರ್, ದಪ್ಪ 2 ನ್ಯಾನೊಮೀಟರ್. ಇಷ್ಟು ಸಣ್ಣದನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ಉಳಿದದ್ದನ್ನು ರಕ್ತದಲ್ಲಿರುವ ಕಿಣ್ವಗಳು ನಿಮಿಷಗಳಲ್ಲಿ ಚೂರು ಮಾಡುತ್ತವೆ. ಹೇಗೋ ಗಡ್ಡೆಯವರೆಗೆ ಹೋಯಿತೆನ್ನೋಣ. ಅದರ ಬೆನ್ನೆಲುಬಿನ ತುಂಬ ಸುಮಾರು 40 ಋಣ ವಿದ್ಯುದಂಶಗಳು. ಕೋಶದ ಹೊರಪೊರೆಯೂ ಋಣವೇ. ಒಂದನ್ನೊಂದು ತಳ್ಳುತ್ತವೆ, ಒಳಗೆ ಪ್ರವೇಶವಿಲ್ಲ. ರೇಷ್ಮೆಹುಳುವಿನ ಕರುಳಿನಲ್ಲಿ ಕಂಡ ಕಷ್ಟವೇ ಇಲ್ಲಿ ನಮ್ಮ ದೇಹದಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ.

ಹಾಗಾಗಿ ಅದನ್ನು ಏನಾದರೊಂದರಲ್ಲಿ ಸುತ್ತಿ ಕಳಿಸಬೇಕು. ಸುತ್ತಿದ ಕಣ ಕಿಡ್ನಿ ಸೋಸಲಾರದಷ್ಟು ದೊಡ್ಡದಿರಬೇಕು, ಗುಲ್ಮ ಹಿಡಿದಿಟ್ಟುಕೊಳ್ಳುವಷ್ಟು ದೊಡ್ಡದಿರಬಾರದು. ಹಲವರು ಒಪ್ಪುವ ಅಳತೆ 100 ನ್ಯಾನೊಮೀಟರಿನ ಆಸುಪಾಸು. ನಮ್ಮ ರೇಷ್ಮೆಯ ಒಂಟಿ ಎಳೆ ಸುಮಾರು 10 ಮೈಕ್ರಾನ್ ದಪ್ಪ, ಅದರ ಅಡ್ಡಗಲದಲ್ಲಿ ಇಂಥ ನೂರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು.

ಮನುಷ್ಯರಲ್ಲಿ ಈ ಪ್ರಯತ್ನವನ್ನು ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯ ಮಾರ್ಕ್ ಡೇವಿಸ್ ಗುಂಪು. ಪಿಷ್ಟದಿಂದ ಬರುವ ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಬಳೆಗಳನ್ನು ಪೋಣಿಸಿ ಧನ ವಿದ್ಯುದಂಶವಿರುವ ಸರವೊಂದನ್ನು ಮಾಡಿ, ಅದರಲ್ಲಿ ಎಸ್‌ಐಆರ್‌ಎನ್‌ಎಯನ್ನು ಅಡಕಿದರು. ಹೊರಗೆ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಹಚ್ಚಿದರು. ಟ್ರಾನ್ಸ್‌ಫೆರಿನ್ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು. ಬೇಗಬೇಗ ಬೆಳೆಯುವ ಗಡ್ಡೆಗೆ ಕಬ್ಬಿಣದ ಹಸಿವು ಹೆಚ್ಚು, ಅದರ ಕೋಶಗಳ ಮೇಲೆ ಟ್ರಾನ್ಸ್‌ಫೆರಿನ್ ಹಿಡಿಯುವ ಕೊಂಡಿಗಳೂ ಹೆಚ್ಚು. ಸುಮಾರು 70 ನ್ಯಾನೊಮೀಟರಿನ ಈ ಕಣಗಳನ್ನು 2008ರಲ್ಲಿ ರೋಗಿಗಳಿಗೆ ಕೊಡಲಾರಂಭಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದ ರೋಗಿಗಳ ಗಡ್ಡೆಯ ಚೂರು ತೆಗೆದು ನೋಡಿದಾಗ ಕೋಶಗಳೊಳಗೆ ಕಣಗಳು ಕಂಡವು. ಒಬ್ಬ ರೋಗಿಯ ಗಡ್ಡೆಯಲ್ಲಂತೂ ಮೆಸೆಂಜರ್ ಆರ್‌ಎನ್‌ಎ ಎಲ್ಲಿ ಕತ್ತರಿಸಬೇಕೆಂದು ಬರೆದಿದ್ದರೋ ಅದೇ ಅಕ್ಷರದಲ್ಲಿ ತುಂಡಾಗಿತ್ತು. ಮನುಷ್ಯನ ರಕ್ತಕ್ಕೆ ಕೊಟ್ಟ ಎಸ್‌ಐಆರ್‌ಎನ್‌ಎ ಗಡ್ಡೆಯನ್ನು ತಲುಪಿ ತನ್ನ ಕೆಲಸ ಮಾಡಿತೆಂಬುದಕ್ಕೆ ಅದು ಮೊದಲ ಸಾಕ್ಷಿ.

ಆದರೂ ಆ ಔಷಧ ಮುಂದೆ ಸಾಗಲಿಲ್ಲ. ಒಟ್ಟು 24 ಮಂದಿಗೆ ಕೊಟ್ಟ ಮೇಲೆ ಪ್ರಯೋಗ ನಿಂತಿತು. ಅಡ್ಡಪರಿಣಾಮಗಳಿಂದ ಕೆಲವರು ಮಧ್ಯದಲ್ಲೇ ಬಿಡಬೇಕಾಯಿತು, ಗಡ್ಡೆಗಳು ಗಣನೀಯವಾಗಿ ಕುಗ್ಗಲಿಲ್ಲ. ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಾಣ ಗುರಿ ಮುಟ್ಟುತ್ತದೆಂದು ತೋರಿಸಿಕೊಟ್ಟವರು ಆ 24 ಮಂದಿ. ತಮ್ಮ ಕಾಯಿಲೆಗೆ ಬೇರೆ ದಾರಿ ಉಳಿದಿಲ್ಲವೆಂದು ಗೊತ್ತಿದ್ದೂ ಮುಂದಿನವರಿಗಾಗಿ ತೋಳು ಚಾಚಿದವರು.

ಮುಂದಿನ ಗೆಲುವು ಬಂದದ್ದು ಕ್ಯಾನ್ಸರಿನ ಹೊರಗೆ. ಕೊಬ್ಬಿನ ಅಣುಗಳಿಂದ ಕಟ್ಟಿದ ಲಿಪಿಡ್ ನ್ಯಾನೊ ಕಣಗಳು ರಕ್ತಕ್ಕೆ ಇಳಿದ ಕೂಡಲೇ ಎಪಿಒಇ ಎಂಬ ಪ್ರೋಟೀನನ್ನು ಮೈಗೆ ಅಂಟಿಸಿಕೊಳ್ಳುತ್ತವೆ. ಲಿವರ್ ಅದನ್ನು ಕೊಲೆಸ್ಟರಾಲ್ ಮೂಟೆಯೆಂದು ತಿಳಿದು ಒಳಗೆ ಎಳೆದುಕೊಳ್ಳುತ್ತದೆ. ಲಿವರ್‌ಗೆ ಹೋಗಬೇಕಾದ ಔಷಧಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಲಿವರ್ ತಯಾರಿಸುವ ಒಂದು ಕೆಟ್ಟ ಪ್ರೋಟೀನಿನಿಂದ ನರಗಳು ಸಾಯುವ ಆನುವಂಶಿಕ ಕಾಯಿಲೆಗೆ ಪಟಿಸಿರಾನ್ ಎಂಬ ಔಷಧ 2018ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದು ಜಗತ್ತಿನ ಮೊದಲ ಎಸ್‌ಐಆರ್‌ಎನ್‌ಎ ಔಷಧ. ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಬೇಕು. ಆಗ ಕಂಪನಿ ಪ್ರಕಟಿಸಿದ ದರ ವರ್ಷಕ್ಕೆ ಸುಮಾರು 4.5 ಲಕ್ಷ ಡಾಲರ್. ಆ ದರವನ್ನು ರೂಪಾಯಿಗೆ ತಿರುಗಿಸಿ ನೋಡಿದವರಿಗೆ ಇಂಥ ಔಷಧವನ್ನು ಇಲ್ಲೇ, ಅಗ್ಗದ ಸಾಮಗ್ರಿಯಿಂದ ಮಾಡುವ ಆಸೆ ಏಕೆ ಹುಟ್ಟುತ್ತದೆಂದು ನಾನು ಹೇಳಬೇಕಿಲ್ಲ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳನ್ನು ಹೊತ್ತದ್ದೂ ಇದೇ ಮನೆತನದ ಕಣಗಳು.

ಗಡ್ಡೆಗೆ ಲಿವರ್‌ಗಿರುವ ಈ ಅನುಕೂಲವಿಲ್ಲ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದವು, ಗೋಡೆಯಲ್ಲಿ ಸಂದುಗಳಿರುತ್ತವೆ, ದೊಡ್ಡ ಅಣುಗಳು ಅಲ್ಲಿ ಸೋರಿ ನಿಲ್ಲುತ್ತವೆ ಎಂದು ಜಪಾನಿನ ಹಿರೋಶಿ ಮಯೇಡ 1986ರಲ್ಲಿ ತೋರಿಸಿದ್ದರು. ಎರಡು ಮೂರು ದಶಕ ಈ ಕ್ಷೇತ್ರ ಅದನ್ನೇ ನಂಬಿ ನಡೆಯಿತು. 2016ರಲ್ಲಿ ಟೊರಾಂಟೊದ ವಾರನ್ ಚಾನ್ ಗುಂಪು ಹಿಂದಿನ ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಾಣಿ ಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಹಾಕಿತು. ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ಸೇರಿದ್ದು ಮಧ್ಯಮ ಲೆಕ್ಕದಲ್ಲಿ ನೂರಕ್ಕೆ 0.7. ಉಳಿದದ್ದರಲ್ಲಿ ಬಹುಪಾಲು ಲಿವರ್ ಮತ್ತು ಗುಲ್ಮಕ್ಕೆ ಹೋಗಿತ್ತು. ಇಲಿಯ ಗಡ್ಡೆ ಬೇಗ ಬೆಳೆದದ್ದು, ಸಂದು ಹೆಚ್ಚು. ಮನುಷ್ಯನ ಗಡ್ಡೆ ವರ್ಷಗಟ್ಟಲೆ ಬೆಳೆದು ಗಟ್ಟಿಯಾದದ್ದು. ಅಲ್ಲಿ ಈ ಸಂಖ್ಯೆ ಇನ್ನಷ್ಟು ಆಶಾದಾಯಕವಾಗಿರಲು ಕಾರಣವಿಲ್ಲ. ಹಾಗೆಂದು ಎಲ್ಲವೂ ಕತ್ತಲೆಯಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ಜೀನುಗಳ ವಿರುದ್ಧ ಎಸ್‌ಐಆರ್‌ಎನ್‌ಎ ತುಂಬಿದ ಲಿಪಿಡ್ ಕಣಗಳನ್ನು 41 ರೋಗಿಗಳಿಗೆ ಕೊಟ್ಟಿದ್ದರು. ಗರ್ಭಕೋಶದ ಒಳಪದರದಿಂದ ಲಿವರ್‌ಗೆ ಕ್ಯಾನ್ಸರ್ ಹರಡಿದ್ದ ಒಬ್ಬರಲ್ಲಿ ಗಡ್ಡೆ ಪೂರ್ತಿ ಮರೆಯಾಯಿತು. ಈ ಸಾಲು ಬರೆಯುವ ಹೊತ್ತಿಗೂ ಕ್ಯಾನ್ಸರಿಗೆಂದು ಒಪ್ಪಿಗೆ ಪಡೆದ ಎಸ್‌ಐಆರ್‌ಎನ್‌ಎ ಔಷಧ ಒಂದೂ ಇಲ್ಲ.

ಗಡ್ಡೆ ಸೇರಿದ ಮಾತ್ರಕ್ಕೆ ದಾರಿ ಮುಗಿಯಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಕುತೂಹಲ ಹುಟ್ಟಿಸುವ ಭಾಗ ಇಲ್ಲಿಂದ ಶುರುವಾಗುತ್ತದೆ. ಕೋಶವು ಹೊರಗಿನ ಕಣವನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತನ್ನ ಪೊರೆಯನ್ನೇ ಒಳಕ್ಕೆ ಮಡಚಿ ಒಂದು ಚೀಲ ಮಾಡಿ, ಕಣವನ್ನು ಅದರಲ್ಲಿ ಸೆರೆಹಿಡಿಯುತ್ತದೆ. ಈ ಚೀಲಕ್ಕೆ ಎಂಡೋಸೋಮ್ ಎಂದು ಹೆಸರು. ಚೀಲ ಒಳಗೆ ಸಾಗಿದಂತೆ ಕೋಶ ಅದರೊಳಕ್ಕೆ ಆಮ್ಲ ತುಂಬುತ್ತ ಹೋಗುತ್ತದೆ. ಹೊರಗೆ 7.4 ಇದ್ದ ಪಿಎಚ್ ಮೊದಲು 6ರ ಆಸುಪಾಸಿಗೆ, ಕೊನೆಗೆ 5ರ ಕೆಳಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಚೀಲ ಹರಿದು ಹೊರಬರದ ಆರ್‌ಎನ್‌ಎ ಅಲ್ಲೇ ಜೀರ್ಣವಾಗುತ್ತದೆ. ಆರ್ಗೊನಾಟ್ ಇರುವುದು ಚೀಲದ ಹೊರಗೆ. 2013ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ಲಿಪಿಡ್ ಕಣಗಳ ಜಾಡು ಹಿಡಿದು ನೋಡಿದಾಗ ಒಳಹೊಕ್ಕ ಎಸ್‌ಐಆರ್‌ಎನ್‌ಎಯಲ್ಲಿ ಚೀಲದಿಂದ ಪಾರಾದದ್ದು ನೂರಕ್ಕೆ ಒಂದೋ ಎರಡೋ ಮಾತ್ರ.

ಈ ಚೀಲದೊಳಗಿನ ಆಮ್ಲವನ್ನು ಬದುಕಿರುವ ಕೋಶದಲ್ಲೇ ಅಳೆಯುವ ಒಂದು ಅಪರೂಪದ ಉಪಕರಣ ತಯಾರಾದದ್ದು ಬೆಂಗಳೂರಿನಲ್ಲಿ. ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಯಮುನಾ ಕೃಷ್ಣನ್ ಮತ್ತು ಅವರ ಗುಂಪು 2009ರಲ್ಲಿ ಡಿಎನ್‌ಎಯಿಂದಲೇ ಒಂದು ನ್ಯಾನೊ ಯಂತ್ರ ಕಟ್ಟಿದರು. ಆಮ್ಲ ಹೆಚ್ಚಾದಂತೆ ಅದು ಮಡಚಿಕೊಳ್ಳುತ್ತದೆ, ಕಡಿಮೆಯಾದರೆ ತೆರೆದುಕೊಳ್ಳುತ್ತದೆ. ಮಡಚಿದಾಗ ಒಂದು ಬಣ್ಣ, ತೆರೆದಾಗ ಇನ್ನೊಂದು. ಮೊದಲು ಹಣ್ಣುನೊಣದ ಕೋಶಗಳಲ್ಲಿ, 2011ರಲ್ಲಿ ಇಡೀ ದುಂಡುಹುಳುವಿನ ದೇಹದಲ್ಲಿ ಎಂಡೋಸೋಮಿನ ಪಿಎಚ್ ಬದಲಾಗುವುದನ್ನು ಕಣ್ಣೆದುರೇ ಓದಿದರು. ಕ್ಯಾನ್ಸರ್ ಔಷಧ ಮಾಡುತ್ತೇವೆಂದು ಅವರು ಹೊರಟಿರಲಿಲ್ಲ. ಆದರೆ ಒಯ್ಯುವ ಕಣಕ್ಕೆ ಯಾವ ಪಿಎಚ್‌ನಲ್ಲಿ ಬಾಯಿ ತೆರೆಯಲು ಕಲಿಸಬೇಕು ಎಂಬ ಪ್ರಶ್ನೆಗೆ ಇಂಥ ಅಳತೆಯಿಲ್ಲದೆ ಉತ್ತರವಿಲ್ಲ. ಇಂದಿನ ಲಿಪಿಡ್ ಕಣಗಳ ಮುಖ್ಯ ಅಣುವನ್ನು ರಕ್ತದಲ್ಲಿ ತಟಸ್ಥವಾಗಿರುವಂತೆ, ಪಿಎಚ್ ಸುಮಾರು 6.5ಕ್ಕಿಂತ ಇಳಿದಾಗ ಧನ ವಿದ್ಯುದಂಶ ತಾಳುವಂತೆ ರಚಿಸಿದ್ದಾರೆ. ಧನವಾದ ಅಣು ಚೀಲದ ಋಣ ಗೋಡೆಗೆ ಅಂಟಿ ಅದನ್ನು ಕಲಕುತ್ತದೆ, ಆರ್‌ಎನ್‌ಎ ಹೊರಗೆ ನುಸುಳುತ್ತದೆ.

ಹಾಲುರೋಗದ ವೈರಸ್ ಈ ಪಾಠವನ್ನೂ ಯಾವಾಗಲೋ ಕಲಿತುಬಿಟ್ಟಿದೆ. ಕರುಳು ದಾಟಿದ ಮೇಲೆ ಅದು ಹರಳಿಲ್ಲದ ಇನ್ನೊಂದು ರೂಪದಲ್ಲಿ ಹುಳುವಿನ ಕೋಶದಿಂದ ಕೋಶಕ್ಕೆ ಹರಡುತ್ತದೆ. ಅಲ್ಲಿ ಅದೂ ಎಂಡೋಸೋಮಿನಲ್ಲೇ ಸೆರೆಯಾಗುತ್ತದೆ. ಆದರೆ ಅದರ ಮೈಮೇಲೆ ಜಿಪಿ64 ಎಂಬ ಪ್ರೋಟೀನಿದೆ. ಆಮ್ಲ ಏರಿದ ಕೂಡಲೇ ಜಿಪಿ64 ತನ್ನ ಆಕಾರ ಬದಲಿಸಿ ವೈರಸ್ಸಿನ ಪೊರೆಯನ್ನು ಚೀಲದ ಪೊರೆಯೊಂದಿಗೆ ಬೆಸೆಯುತ್ತದೆ. ಬೆಸೆದ ಕಡೆ ಬಾಗಿಲಾಗಿ ವೈರಸ್ಸಿನ ಜೀನುಗಳು ಒಳಗಿಳಿಯುತ್ತವೆ. ಕರುಳಿನಲ್ಲಿ ಕ್ಷಾರದ ಕೀಲಿ, ಕೋಶದಲ್ಲಿ ಆಮ್ಲದ ಕೀಲಿ. ನಮ್ಮ ಕಣಗಳು ನೂರರಲ್ಲಿ ಒಂದೆರಡು ಪಾರಾಗುವುದಕ್ಕೆ ಹೆಣಗುತ್ತಿರುವಾಗ ಈ ವೈರಸ್ ಒಂದೇ ಪಯಣದಲ್ಲಿ ಎರಡು ಬೀಗ ತೆಗೆಯುತ್ತದೆ.

ಕ್ಯಾನ್ಸರಿನಲ್ಲಿ ಇನ್ನೊಂದು ತೊಡಕಿದೆ. ಲಿವರ್‌ನ ಕೋಶಗಳು ಅಪರೂಪಕ್ಕೆ ವಿಭಜನೆಯಾಗುತ್ತವೆ, ಅಲ್ಲಿ ಒಮ್ಮೆ ಸೇರಿದ ಎಸ್‌ಐಆರ್‌ಎನ್‌ಎ ವಾರಗಟ್ಟಲೆ ಕೆಲಸ ಮಾಡುತ್ತದೆ. ಗಡ್ಡೆಯ ಕೋಶ ಒಡೆದು ಎರಡಾಗಿ, ಎರಡು ನಾಲ್ಕಾದಂತೆ ಒಳಗಿರುವ ಆರ್‌ಎನ್‌ಎ ಹಂಚಿಹೋಗಿ ತೆಳುವಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ಕೊಡಬೇಕು, ಅಥವಾ ಗಡ್ಡೆಯ ಬಳಿಯೇ ನಿಂತು ನಿಧಾನವಾಗಿ ಬಿಡುವಂಥ ವಸ್ತು ಬೇಕು.

ರೇಷ್ಮೆ ಈ ಕಥೆಗೆ ಎರಡನೆಯ ಬಾರಿ ಬರುವುದು ಇಲ್ಲಿ, ಈ ಸಲ ಹುಳುವಾಗಿ ಅಲ್ಲ, ನೂಲಾಗಿ. ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಹೊರಗಿನ ಅಂಟು ಸೆರಿಸಿನ್, ಒಳಗಿನ ಗಟ್ಟಿ ಎಳೆ ಫೈಬ್ರೊಯಿನ್. ಗೂಡನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ಉಳಿದ ಫೈಬ್ರೊಯಿನ್ನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ತೊಳೆದು ತೆಗೆದು, ಆ ನೀರನ್ನು ಹನಿಹನಿಯಾಗಿ ಅಸಿಟೋನಿಗೆ ಬಿಟ್ಟರೆ 100 ನ್ಯಾನೊಮೀಟರಿನ ಆಸುಪಾಸಿನ ಕಣಗಳು ತಾವಾಗಿ ಕಟ್ಟಿಕೊಳ್ಳುತ್ತವೆ. ಶಸ್ತ್ರಚಿಕಿತ್ಸಕರು ಗಾಯ ಹೊಲಿಯಲು ರೇಷ್ಮೆ ದಾರವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ, ಆದ್ದರಿಂದ ಫೈಬ್ರೊಯಿನ್ ದೇಹಕ್ಕೆ ಹೊಸಬನಲ್ಲ. ಐಐಟಿ ಖರಗ್‌ಪುರದ ಸುಭಾಷ್ ಕುಂಡು ಅವರ ಗುಂಪು 2010ರಲ್ಲೇ ಫೈಬ್ರೊಯಿನ್ ನ್ಯಾನೊ ಕಣಗಳು ಕೋಶದೊಳಕ್ಕೆ ಹೋಗುತ್ತವೆಂದು ತೋರಿಸಿತ್ತು. 2013ರಲ್ಲಿ ಫಿಲಿಪ್ ಸೈಬ್ ಮತ್ತು ಜೊತೆಗಾರರು ಸ್ತನ ಕ್ಯಾನ್ಸರಿನ ಕೋಶಗಳಿಗೆ ರೇಷ್ಮೆ ಕಣಗಳಲ್ಲಿ ಡಾಕ್ಸೊರೂಬಿಸಿನ್ ಎಂಬ ಕೀಮೋ ಔಷಧವನ್ನು ಕಳಿಸಿದರು. ಆ ಕಣಗಳು ರಕ್ತದ ಪಿಎಚ್‌ನಲ್ಲಿ ಔಷಧವನ್ನು ಹಿಡಿದಿಟ್ಟುಕೊಂಡು ಆಮ್ಲದಲ್ಲಿ ಹೆಚ್ಚು ಬಿಟ್ಟವು.

ಆರ್‌ಎನ್‌ಎ ಹೊರಲು ಮಾತ್ರ ಫೈಬ್ರೊಯಿನ್ ಒಂದೇ ಸಾಲದು. ದೇಹದ ಪಿಎಚ್‌ನಲ್ಲಿ ಅದೂ ಋಣ, ಆರ್‌ಎನ್‌ಎಯೂ ಋಣ. ನಡುವೆ ಧನ ವಿದ್ಯುದಂಶದ ಬೆಸುಗೆ ಬೇಕು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲನ್ ಮತ್ತು ಕೇಜಿ ನುಮಾಟ ಅವರು 2009ರಿಂದ ಜೇಡರ ರೇಷ್ಮೆಯ ಮಾದರಿಯ ಪ್ರೋಟೀನಿಗೆ ಲೈಸಿನ್ ಎಂಬ ಅಮೈನೊ ಆಮ್ಲದ ಬಾಲ ಜೋಡಿಸಿ ಡಿಎನ್‌ಎ ಹೊರುವ ಕಣ ಮಾಡಿದರು, ಆಮೇಲೆ ಗಡ್ಡೆಯ ಕೋಶವನ್ನು ಗುರುತಿಸುವ ತುಣುಕುಗಳನ್ನೂ ಸೇರಿಸಿದರು. ಧನ ಹೆಚ್ಚಾದರೆ ಕೋಶಕ್ಕೆ ವಿಷ, ಕಡಿಮೆಯಾದರೆ ಆರ್‌ಎನ್‌ಎ ಜಾರಿಹೋಗುತ್ತದೆ. ಇನ್ನೂ ಒಂದು ಪ್ರಾಯೋಗಿಕ ಕಷ್ಟವಿದೆ. ಸೋಡಾ ನೀರಿನಲ್ಲಿ ಐದು ನಿಮಿಷ ಕುದಿಸಿದ ಫೈಬ್ರೊಯಿನ್ನಿಗೂ ಒಂದು ಗಂಟೆ ಕುದಿಸಿದ್ದಕ್ಕೂ ಸರಪಳಿಯ ಉದ್ದ ಬೇರೆ. ಮಿಶ್ರತಳಿಯ ಗೂಡೋ ದ್ವಿತಳಿಯ ಗೂಡೋ ಎಂಬುದನ್ನೂ ಗಮನಿಸಬೇಕು. ಸೀರೆಗೆ ನಡೆಯುವ ಏರುಪೇರು ಔಷಧಕ್ಕೆ ನಡೆಯದು, ಪ್ರತಿ ಬ್ಯಾಚೂ ಒಂದೇ ಆಗಿರಬೇಕು.

ಇಂಥ ಕೆಲಸಕ್ಕೆ ಬೇಕಾದ ಎಲ್ಲವೂ ಕನಕಪುರ ರಸ್ತೆಯ ಆಸುಪಾಸಿನಲ್ಲೇ ಸಿಗುತ್ತದೆಂಬುದು ನನ್ನ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ. ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಮುಂದೆ ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ, ದಯಾನಂದ ಸಾಗರ್ ವಿಶ್ವವಿದ್ಯಾಲಯದ ಆವರಣ, ಅದರ ವೈದ್ಯಕೀಯ ಕಾಲೇಜು ಇವೆ. ಸುತ್ತ ಹಿಪ್ಪುನೇರಳೆ ತೋಟ, ಪಕ್ಕದ ರಾಮನಗರದಲ್ಲಿ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ. ನಮ್ಮ ಗೂಡಿನ ಬೆಲೆಯನ್ನು ಸೀರೆಯೊಂದೇ ನಿರ್ಧರಿಸುವ ಕಾಲ ಮುಗಿಯಬೇಕೆಂದು ನಾನು ಬಯಸುತ್ತೇನೆ. ಯಾವ ತಳಿಯ ಯಾವ ಕಾಲದ ಗೂಡಿನಿಂದ ಸಮನಾದ ಫೈಬ್ರೊಯಿನ್ ಸಿಗುತ್ತದೆಂಬ ಪ್ರಶ್ನೆಯನ್ನು ಅಮೆರಿಕದ ಟಫ್ಟ್ಸ್‌ಗಿಂತ ಇಲ್ಲಿ ಚೆನ್ನಾಗಿ ಕೇಳಬಹುದು, ಇಲ್ಲೇ ಉತ್ತರಿಸಬಹುದು.

ಯಾವ ಕ್ಯಾನ್ಸರಿನಿಂದ ಶುರುಮಾಡಬೇಕು ಎಂದು ಕೇಳಿದರೆ, ದಾರಿ ಹತ್ತಿರವಿರುವ ಕಡೆಯಿಂದ ಎನ್ನುತ್ತೇನೆ. ರಕ್ತದ ಮೂಲಕ ಹೋದರೆ ಲಿವರ್ ಕಬಳಿಸುತ್ತದೆ. ರಕ್ತಕ್ಕೆ ಇಳಿಯದೆ ನೇರ ಮುಟ್ಟಬಹುದಾದ ಕಡೆ ಗರ್ಭಕಂಠ. 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಗರದ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದೆ. ಆ ಲೆಕ್ಕದಲ್ಲಿ ಗರ್ಭಕಂಠದ ಕ್ಯಾನ್ಸರ್ ದಶಕಗಳಿಂದ ಇಳಿಯುತ್ತಿದ್ದರೂ ಇಂದಿಗೂ ಹೆಂಗಸರನ್ನು ಹೆಚ್ಚು ಕಾಡುವ ಕ್ಯಾನ್ಸರುಗಳಲ್ಲಿ ಅದೊಂದು. ಹಳ್ಳಿಯಿಂದ ಬರುವವರು ಬಹಳ ಸಲ ರೋಗ ಬಲಿತ ಮೇಲೆ ಬರುತ್ತಾರೆ. ಇದನ್ನು ತರುವುದು ಎಚ್‌ಪಿವಿ ಎಂಬ ವೈರಸ್. ಅದರ ಇ6 ಮತ್ತು ಇ7 ಎಂಬ ಎರಡು ಜೀನುಗಳು ಕೋಶದ ಕಾವಲು ಪ್ರೋಟೀನುಗಳನ್ನು ಕೆಡಿಸಿ ಕ್ಯಾನ್ಸರನ್ನು ಬದುಕಿಸಿಡುತ್ತವೆ. ಇವು ನಮ್ಮ ಜೀನುಗಳಲ್ಲ, ವೈರಸ್ಸಿನವು. ಅವುಗಳ ಬಾಯಿ ಕಟ್ಟಿದರೆ ಆರೋಗ್ಯವಂತ ಕೋಶಕ್ಕೆ ನಷ್ಟವಿಲ್ಲ. ಹುಳುವಿನಲ್ಲಿ ನಾಗರಾಜು ಗುರಿಯಿಟ್ಟದ್ದೂ ಇದೇ ತರ್ಕದಿಂದ. 2002ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜೋ ಮಿಲ್ನರ್ ಗುಂಪು ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಇದನ್ನು ಮಾಡಿ ನೋಡಿತು. ಇ6 ಸುಮ್ಮನಾದಾಗ ಪಿ53 ಎಂಬ ಕಾವಲು ಪ್ರೋಟೀನು ಮರಳಿ ಬಂದು ಬೆಳವಣಿಗೆ ತಗ್ಗಿತು, ಇ7 ಸುಮ್ಮನಾದಾಗ ಕೋಶಗಳು ತಾವೇ ಸತ್ತವು.

ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಿಸುವುದು, ದೊಡ್ಡವರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳುವುದು ಇಂದೇ ಆಗಬೇಕಾದ ಕೆಲಸ. ಆರ್‌ಎನ್‌ಎ ಅದಕ್ಕೆ ಬದಲಿಯಲ್ಲ. ಈಗಾಗಲೇ ರೋಗ ಬಂದವರಿಗಾಗಿ ನಡೆಯುತ್ತಿರುವ ಹುಡುಕಾಟ ಅದು. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದ ಕಿಮ್ ವುಡ್ರೊ, ಮಾರ್ಕ್ ಸಾಲ್ಟ್ಸ್‌ಮನ್ ಮತ್ತು ಜೊತೆಗಾರರು ಸ್ಪರ್ಮಿಡಿನ್ ಎಂಬ ಧನ ಅಣುವಿಗೆ ಎಸ್‌ಐಆರ್‌ಎನ್‌ಎ ಕಟ್ಟಿ, ಅದನ್ನು ಪಿಎಲ್‌ಜಿಎ ಎಂಬ ಪಾಲಿಮರಿನ ಕಣಗಳಲ್ಲಿ ತುಂಬಿ ಹೆಣ್ಣಿಲಿಗಳ ಯೋನಿಯೊಳಗೆ ಹಾಕಿದರು. ಕಣಗಳು ಲೋಳೆ ದಾಟಿ ಅಂಗಾಂಶದ ಆಳಕ್ಕೆ ಇಳಿದವು. ಒಂದು ಸಲ ಹಾಕಿದ್ದಕ್ಕೆ 14 ದಿನ ಜೀನು ಸುಮ್ಮನಿತ್ತು. ಆ ಇಲಿಗಳಿಗೆ ಕ್ಯಾನ್ಸರ್ ಇರಲಿಲ್ಲ, ಬಾಯಿ ಕಟ್ಟಿದ್ದು ಹಸಿರಾಗಿ ಹೊಳೆಯುವ ಒಂದು ಪ್ರೋಟೀನಿನ ಜೀನಿಗೆ. ಅದೇ ದಾರಿಯಲ್ಲಿ ಇ6, ಇ7 ಜೀನುಗಳ ವಿರುದ್ಧದ ತುಣುಕನ್ನು ಹೊರಿಸಿ, ವೇಗವಾಗಿ ವಿಭಜನೆಯಾಗುವ ಗಡ್ಡೆಯ ದಪ್ಪದೊಳಕ್ಕೆ, ಅಷ್ಟೇ ದಿನ ಬಾಳುವಂತೆ ಇಳಿಸಬಲ್ಲ ಕಣವೊಂದು ಬೇಕಾಗಿದೆ.